ಏಳನೆಯ ಪೆಟ್ಟಿಗೆಯ ಮಾತು

ಬಿಷ್ಕೆಕ್, ಅಕ್ಟೋಬರ್ 2

ತೊಲೊಗೊನ್ ಅತಾ ಅವರಿಗೆ,

ಜಾನುವಾರು, ಜನ ಕ್ಷೇಮವೇ? ನನ್ನ ಕಡೆಯ ಜಾನುವಾರು ಎಂದರೆ ಒಂದು ಬೆಕ್ಕು. ಅದು ಕ್ಷೇಮ.

ಕಳೆದ ವಾರ ಸರೋವರದ ಸುತ್ತ ಹನ್ನೆರಡು ಪೆಟ್ಟಿಗೆ ನೆಡುವಾಗ ನೀವು ಒಂದೇ ಪ್ರಶ್ನೆ ಕೇಳಿದಿರಿ: "ಇವು ತಮ್ಮತಮ್ಮಲ್ಲೇ ಮಾತಾಡ್ಕೊಳ್ತವಾ?" ನಾನು ಅವಸರದಲ್ಲಿ ಹೌದು ಎಂದೆ. ಸರಿಯಾದ ಉತ್ತರ ಈಗ ಬರೆಯುತ್ತಿದ್ದೇನೆ. ಪ್ರತಿ ಪೆಟ್ಟಿಗೆ ನೆಲದ ಬಿಸಿ, ನೀರಿನ ಮಟ್ಟ, ನೀರಿನ ಕದಡು ನೋಡಿ ಪಕ್ಕದ ಪೆಟ್ಟಿಗೆಗೆ ತಂತಿಯಿಲ್ಲದೆ ಹೇಳುತ್ತದೆ. ಅವುಗಳಲ್ಲೊಂದು ಮುಂದಾಳಾಗಿ ಎಲ್ಲರ ಮಾತು ಕೂಡಿಸಿ ಕೆಳಗೆ ನಿಮ್ಮ ಊರಿನ ಸೈರನ್ ಕಂಬಕ್ಕೂ, ಉಪಗ್ರಹದ ಮೂಲಕ ನನ್ನ ಮೇಜಿಗೂ ಕಳಿಸುತ್ತದೆ.

ಹಳೆಯ ಯಂತ್ರಕ್ಕೆ ಗೊತ್ತಿದ್ದದ್ದು ಒಂದೇ ಸಂಖ್ಯೆ. ನೀರು 239 ಸೆಂಟಿಮೀಟರ್ ಇದ್ದರೆ ಶಾಂತಿ, 241 ಇದ್ದರೆ ಪ್ರಳಯ. ಗಾಳಿಗೆ ಅಲೆ ಎದ್ದರೂ ಅದು ಕೂಗುತ್ತಿತ್ತು. ಹೋದ ಬೇಸಿಗೆ ಮೂರು ಸಲ ಕೂಗಿತು, ಮೂರು ಸಲವೂ ಏನೂ ಆಗಲಿಲ್ಲ. ಮೂರನೆಯ ಸಲ ನಿಮ್ಮ ಪಕ್ಕದ ಮನೆಯ ಅಕ್ಕ, ಕಲಿಪಾ ಎಜೆ, ಕುರಿ ಉಣ್ಣೆಯ ಕತ್ತರಿ ತಂದು ಅದರ ತಂತಿ ಕತ್ತರಿಸಿದರು. ಅವರದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆದರೆ ಇನ್ನೊಮ್ಮೆ ಸುಳ್ಳು ಕೂಗಿದರೆ ಮೂವತ್ತೆಂಟು ಮನೆಗಳಲ್ಲಿ ಒಬ್ಬರೂ ಎದ್ದು ಓಡುವುದಿಲ್ಲ. ಸರೋವರದ ಏರಿ ನಿಜವಾಗಿ ಒಡೆಯುವ ದಿನವೂ ಓಡುವುದಿಲ್ಲ.

ಆದ್ದರಿಂದ ಈ ಪೆಟ್ಟಿಗೆಗಳು ಹೌದು, ಅಲ್ಲ ಎಂದು ಹೇಳುವುದಿಲ್ಲ. ಸ್ವಲ್ಪ, ಸುಮಾರು, ಬಹಳ ಎಂದು ಹೇಳುತ್ತವೆ. ನಮ್ಮ ಕಸುಬಿನಲ್ಲಿ ಇದನ್ನು ಫಜಿ ಲಾಜಿಕ್ ಅನ್ನುತ್ತಾರೆ. ಹೌದು ಮತ್ತು ಅಲ್ಲಗಳ ನಡುವಿನ ಬಯಲನ್ನು ಅಳೆಯುವ ಲೆಕ್ಕ ಅದು. ಆ ಬಯಲಿಗೆ ಹೆಸರಿಡಲು ಮೂವತ್ತು ವರ್ಷ ಆ ನೀರನ್ನು ಅಳೆದ ಒಬ್ಬರ ಮಾತು ಬೇಕು. ಸಂಖ್ಯೆ ಬರೆಯಬೇಡಿ. ನೀರಿನ ಅಳತೆ ಠಾಣೆಯಿಂದ ಮನೆಗೆ ಹೋಗಿ ಹೆಂಡತಿಯ ಹತ್ತಿರ ಏನು ಹೇಳುತ್ತೀರೋ ಅದನ್ನು ಬರೆಯಿರಿ. ಸಿಗ್ನಲ್ ಸಿಗುವ ಕಣಿವೆಯ ಮೇಲಿನ ತಿರುವಿಗೆ ಹೋಗಿ ಫೋನ್ ಮಾಡಿದರೆ ನೀವು "ಚೆನ್ನಾಗಿದೆ" ಅಂದು ಮುಗಿಸುತ್ತೀರಿ. ಅದಕ್ಕೇ ಕಾಗದ.

ಕೊನೆಯ ಮಾತು. ನೀವು ಸಹಿ ಮಾಡಿದ ಒಪ್ಪಂದದಲ್ಲಿರುವಂತೆ ಪೆಟ್ಟಿಗೆಗಳನ್ನು ಮುಟ್ಟಬೇಡಿ. ಸೂರ್ಯನ ಫಲಕದ ಮೇಲಿನ ಹಿಮ ಮಾತ್ರ ಒರೆಸಿ.

ನುರ್ಜಾತ್


ಕೆಂಗ್-ಸಾಯ್, ಅಕ್ಟೋಬರ್ 19

ನುರ್ಜಾತ್ ಮಗಳೇ,

ಜಾನುವಾರು ಕ್ಷೇಮ, ಜನ ಕ್ಷೇಮ. ಬೆಕ್ಕನ್ನು ಜಾನುವಾರು ಅಂದಿದ್ದಕ್ಕೆ ನನ್ನ ಮುದುಕಿ ದಿನವಿಡೀ ನಕ್ಕಳು.

ಕದಡಿದ ನೀರು ಅಂದರೆ ಏನೆಂದು ಪಕ್ಕದ ಮನೆಯ ಕಲಿಪಾಳನ್ನೂ ಕೇಳಿದೆ. ನನ್ನೊಬ್ಬನ ಮಾತು ಸಾಲದು ಅನ್ನಿಸಿತು.

"ಮೂವತ್ತು ವರ್ಷ ಸಂಬಳ ತಗೊಂಡು ನೀರು ನೋಡಿದೀಯ. ಈಗ ನನ್ನ ಕೇಳ್ತೀಯಾ?"

"ನಿನ್ನ ಬಾಯಿಂದಾನೂ ಬರ್ಲಿ ಅಂತ."

"ಬಟ್ಟೆ ಜಾಲಾಡಿದ್ಮೇಲೆ ಬೆಳ್ಳಗಾದ್ರೆ ತಿಳಿ. ಬೂದಿ ಬಣ್ಣ ಬಂದ್ರೆ ಕದಡು. ಇದಕ್ಕೆ ಹನ್ನೆರಡು ಪೆಟ್ಟಿಗೆ ಬೇಕಾ? ಒಂದು ಲಂಗ ಸಾಕು."

ಬರೆದುಕೋ. ಬೆಳಿಗ್ಗೆಯ ನೀರು ಪಾತ್ರೆ ತೊಳೆದ ನೀರಿನಂತೆ. ಅದು ಏನೂ ಅಲ್ಲ. ಮಧ್ಯಾಹ್ನ ಬಿಸಿಲಿಗೆ ಮಂಜು ಕರಗಿದಾಗ ಒಂದು ಚಮಚ ಹಾಲು ಹಾಕಿದ ಚಹಾದಂತೆ. ಅದೂ ಏನೂ ಅಲ್ಲ, ಸಂಜೆಗೆ ತಿಳಿಯಾಗುತ್ತದೆ. ನೀರು ಸೇರಿಸಿದ ಐರಾನ್ ಮಜ್ಜಿಗೆಯಂತೆ ಬೆಳ್ಳಗಾಗಿ, ಸಂಜೆಯೂ ಹಾಗೇ ಇದ್ದರೆ ನಾನು ಊಟ ಬಿಟ್ಟು ಮೇಲೆ ಹೋಗಿ ನೋಡುತ್ತೇನೆ. ಗಟ್ಟಿ ಐರಾನ್‌ನಂಥ ನೀರನ್ನು ನಾನು ನೋಡಿಲ್ಲ. ನನ್ನ ತಂದೆ ಒಮ್ಮೆ ನೋಡಿದ್ದರು. ಆಗ ಊರು ಈಗಿರುವ ಜಾಗದಲ್ಲಿ ಇರಲಿಲ್ಲ.

ಇನ್ನು ನನ್ನ ಪ್ರಶ್ನೆ. ಪೆಟ್ಟಿಗೆಗಳು ಮುಂದಾಳನ್ನು ಹೇಗೆ ಆರಿಸುತ್ತವೆ? ಆಳ ಹಿಮದಲ್ಲಿ ದಾರಿ ಮಾಡುವಾಗ ನಾವು ಮುಂದಿನ ಕುದುರೆಯನ್ನು ಬದಲಿಸುತ್ತಾ ಹೋಗುತ್ತೇವೆ. ಎಲ್ಲಕ್ಕಿಂತ ಬಲವಾದದ್ದೇ ಯಾವಾಗಲೂ ಮುಂದಿರುವುದಿಲ್ಲ. ಇನ್ನೂ ದಣಿಯದ್ದು, ಉಳಿದವು ಹಿಂಬಾಲಿಸುವಂಥದ್ದು ಮುಂದೆ. ಅದು ಬಿದ್ದ ಮೇಲೆ ಬದಲಿಸುವವನು ದಡ್ಡ. ಸ್ವಲ್ಪ ದಣಿದಾಗಲೇ ಬದಲಿಸಬೇಕು. ಆ ಸ್ವಲ್ಪ ಎಷ್ಟೆಂದು ಕಿವಿಗಳಲ್ಲಿ ಗೊತ್ತಾಗುತ್ತದೆ.

ತೊಲೊಗೊನ್


ಬಿಷ್ಕೆಕ್, ನವೆಂಬರ್ 8

ತೊಲೊಗೊನ್ ಅತಾ,

ನಿಮ್ಮ ಐರಾನ್ ಈಗ ಲೆಕ್ಕದೊಳಗಿದೆ. ಸಂಜೆಯ ಮಾತನ್ನೂ ಸೇರಿಸಿದೆ. ಬಿಳುಪು ಎಷ್ಟು ಎನ್ನುವಷ್ಟೇ ಮುಖ್ಯ, ಅದು ಎಷ್ಟು ಹೊತ್ತು ಉಳಿಯಿತು ಎನ್ನುವುದು. ಇದು ನನಗೆ ಹೊಳೆದಿರಲಿಲ್ಲ.

ಪೆಟ್ಟಿಗೆಗಳು ಮುಂದಾಳನ್ನು ಆರಿಸುವುದೂ ನಿಮ್ಮ ಕುದುರೆಗಳಂತೆಯೇ. ಮೂರು ವಿಷಯ ನೋಡುತ್ತವೆ: ಬ್ಯಾಟರಿಯಲ್ಲಿ ಎಷ್ಟು ಬಲ ಉಳಿದಿದೆ, ಉಳಿದವರಿಗೆ ಎಷ್ಟು ಹತ್ತಿರ, ಸುತ್ತ ಎಷ್ಟು ಪೆಟ್ಟಿಗೆಗಳಿವೆ. ಬಲ ಸುಮಾರಾಗಿದ್ದು ಬಹಳ ಹತ್ತಿರವಿದ್ದರೆ ಮುಂದಾಳು. ಬಲ ಕಡಿಮೆಯಾದರೆ ಎಷ್ಟೇ ಹತ್ತಿರವಿದ್ದರೂ ಹಿಂದೆ. ಸದ್ಯಕ್ಕೆ ಏಳನೆಯದೇ ಹೆಚ್ಚು ಸಲ ಮುಂದಾಳು, ಏಕೆಂದರೆ ಅದು ಏರಿಯ ನಡುವೆ, ಮಣ್ಣಿನಡಿಯ ಹಳೆಯ ಮಂಜುಗಡ್ಡೆಯ ಮೇಲೇ ಇದೆ. ನಮಗೆ ಅತ್ಯಂತ ಮುಖ್ಯವಾದ ಜಾಗವೂ ಅದೇ. ಆ ಮಂಜು ಕರಗಿದರೆ ಏರಿ ಕುಸಿಯುತ್ತದೆ. ಈಗಾಗಲೇ ಏಳರ ಬಲ ಉಳಿದವಕ್ಕಿಂತ ಬೇಗ ಇಳಿಯುತ್ತಿದೆ.

ಕುದುರೆ ಬಿದ್ದ ಮೇಲೆ ಬದಲಿಸಿದ ದಡ್ಡ ಯಾರು? ನೀವು ಯಾರನ್ನೋ ನೆನೆದು ಬರೆದಂತಿತ್ತು.

ಠಾಣೆಗೆ ಮುಂದಿನ ವರ್ಷದ ಕಲ್ಲಿದ್ದಲಿನ ಬಗ್ಗೆ ನಮ್ಮ ಕಾಗದ ಒಯ್ಯುವ ಚಾಲಕ ಜೆಕ್ಷೆನ್ ಹತ್ತಿರ ಕೇಳಿಸಿದ್ದಿರಿ. ಆ ಕಾಗದಪತ್ರ ಇನ್ನೂ ನನ್ನ ಕಡೆಗೆ ಬಂದಿಲ್ಲ.

ನುರ್ಜಾತ್


ಕೆಂಗ್-ಸಾಯ್, ಡಿಸೆಂಬರ್ 1

ನುರ್ಜಾತ್ ಮಗಳೇ,

ಜಾನುವಾರು ಕ್ಷೇಮ, ಜನ ಕ್ಷೇಮ. ದಡ್ಡ ನಾನೇ.

ನನಗೆ ಮೂವತ್ತು ತುಂಬಿದ ವರ್ಷ ಏಪ್ರಿಲ್‌ನಲ್ಲಿ ಹಿಮ ಬಿತ್ತು. ಕಣಿವೆಯಾಚೆ ಸಿಕ್ಕಿಕೊಂಡ ಕುರಿಗಳನ್ನು ತರಲು ಆರು ಕುದುರೆಗಳೊಂದಿಗೆ ಹೋದೆವು. ನನ್ನ ಬೂದು ಕುದುರೆ ಮುಂದೆ. ಅದು ಕಿವಿ ಬಗ್ಗಿಸುವ ಜಾತಿಯದಲ್ಲ. ಅದು ದಣಿವು ತೋರಿಸಲಿಲ್ಲ, ನಾನೂ ವಿಚಾರಿಸಲಿಲ್ಲ. ಸಂಜೆವರೆಗೆ ಅದನ್ನೇ ಮುಂದೆ ಬಿಟ್ಟೆ. ಕುರಿ ಬಂದವು. ಕುದುರೆ ಊರ ಹೊರಗೆ ಮೊಣಕಾಲೂರಿತು, ಮತ್ತೆ ಏಳಲಿಲ್ಲ. ಬೆವರಿದ ಮೈಗೆ ಹೊದಿಸಲು ಕಂಬಳಿ ಕೂಡ ಒಯ್ದಿರಲಿಲ್ಲ.

ನಿನ್ನೆ ಮೇಲೆ ಹೋಗಿ ಎಲ್ಲ ಫಲಕ ಒರೆಸಿ ಬಂದೆ. ಏಳರ ಹತ್ತಿರ ಗಾಳಿ ಮುಖಕ್ಕೆ ಚುಚ್ಚುತ್ತದೆ. ಉಳಿದವಕ್ಕೆ ಬಂಡೆಯ ಮರೆ ಇದೆ, ಅದಕ್ಕಿಲ್ಲ.

ಮುದುಕಿ ಎರಡು ದಿನದಿಂದ ಜೀನಿನ ಕೆಳಗೆ ಹಾಕುವ ದಪ್ಪ ಉಣ್ಣೆಗಂಬಳಿ ಹುಡುಕುತ್ತಿದ್ದಾಳೆ. ಕಲಿಪಾ ಮೇಲೆ ಅನುಮಾನ. ಇಬ್ಬರೂ ಮಾತು ಬಿಟ್ಟಿದ್ದಾರೆ. ಮನೆ ಶಾಂತವಾಗಿದೆ.

ತೊಲೊಗೊನ್


ಬಿಷ್ಕೆಕ್, ಜನವರಿ 14

ತೊಲೊಗೊನ್ ಅತಾ,

ಬೂದು ಕುದುರೆಯ ಕಥೆಯನ್ನು ಎರಡು ಸಲ ಓದಿದೆ. ಇಂದು ಬೇರೆ ಕಾರಣಕ್ಕೆ ಬರೆಯುತ್ತಿದ್ದೇನೆ.

ಡಿಸೆಂಬರ್ ಮೊದಲಿನಿಂದ ಏಳನೆಯ ಪೆಟ್ಟಿಗೆ ನೆಲ "ಸ್ವಲ್ಪ ಬೆಚ್ಚಗೆ" ಅನ್ನುತ್ತಿದೆ. ಉಳಿದ ಹನ್ನೊಂದೂ "ಬಹಳ ತಣ್ಣಗೆ" ಅನ್ನುತ್ತಿವೆ. ಜನವರಿಯಲ್ಲಿ ಏರಿಯ ಹೊಟ್ಟೆಯೊಳಗಿನ ಮಂಜು ಕರಗುತ್ತಿದೆಯೇ? ಹಾಗಿದ್ದರೆ ಈ ಕಾಗದ ಬರೆಯುತ್ತಾ ಕೂರುವ ಹೊತ್ತಲ್ಲ ಇದು. ಇನ್ನೊಂದು ವಿಚಿತ್ರ: ಅದರ ಬ್ಯಾಟರಿಯ ಬಲ ಇಳಿಯುವುದು ನಿಂತಿದೆ. ಬಲ ಉಳಿದದ್ದರಿಂದ ಉಳಿದ ಪೆಟ್ಟಿಗೆಗಳು ಅದನ್ನೇ ಇನ್ನೂ ಹೆಚ್ಚು ಸಲ ಮುಂದಾಳು ಮಾಡುತ್ತಿವೆ.

ದಯವಿಟ್ಟು ಹೋಗಿ ನೋಡಿ. ನೆಲ ಬಿರಿದಿದೆಯೇ, ತೇವವಿದೆಯೇ? ಆ ಪೆಟ್ಟಿಗೆಗೆ ಏನಾದರೂ ಆಗಿದೆಯೇ?

ನುರ್ಜಾತ್


ಕೆಂಗ್-ಸಾಯ್, ಫೆಬ್ರವರಿ 3

ಮಗಳೇ,

ಹೋಗಿ ನೋಡಿದೆ. ನೆಲ ಕಬ್ಬಿಣದಂತಿದೆ. ಬಿರುಕಿಲ್ಲ, ತೇವವಿಲ್ಲ. ಊರಿನ ಜನ ಹೆದರುವ ಕಾರಣವಿಲ್ಲ. ಪೆಟ್ಟಿಗೆಗೆ ಏನೂ ಆಗಿಲ್ಲ.

ತೊಲೊಗೊನ್


ಬಿಷ್ಕೆಕ್, ಮಾರ್ಚ್ 11

ತೊಲೊಗೊನ್ ಅತಾ,

ನಿಮ್ಮ ಕಾಗದ ಬಂದಾಗ ಇಲ್ಲಿ ತನಿಖಾ ಸಮಿತಿ ಕೂತಿತ್ತು. ಅದರ ಹಿಂದಿನ ದಿನವಷ್ಟೇ ಏಳರ ಮಾತು ಕೇಳಿ ಸೈರನ್ ಕೂಗುವ ಅಂಚಿಗೆ ಬಂದಿತ್ತು. ನಾನು ಕೈಯಿಂದ ತಡೆದೆ. ಕೂಗಿದ್ದರೆ ಚಳಿಗಾಲದಲ್ಲಿ ಮಕ್ಕಳು ಮುದುಕರು ಗುಡ್ಡ ಹತ್ತಿ ಮಂಜಿನಲ್ಲಿ ನಿಲ್ಲುತ್ತಿದ್ದರು, ಏನೂ ಇಲ್ಲದ್ದಕ್ಕೆ. ಮುಖ್ಯಸ್ಥರು ಕೇಳಿದರು:

"ಹನ್ನೊಂದು ಒಂದು ಮಾತು, ಇದೊಂದು ಇನ್ನೊಂದು ಮಾತು. ನಿನ್ನ ಆ ಊರಿನ ಅಳತೆಯವರು ಏನಂತಾರೆ?"

"ನೆಲ ಕಬ್ಬಿಣ ಅಂತಾರೆ."

"ಮತ್ತೆ? ಕುರಿ ಹಿಂಡಲ್ಲಿ ಒಂದಕ್ಕೆ ಹುಚ್ಚು ಹಿಡಿದ್ರೆ ಏನ್ಮಾಡ್ತಾರಮ್ಮಾ?"

ನಿಮ್ಮ ಮಾತಿನ ಮೇಲೆಯೇ ನಿರ್ಧರಿಸಿದೆ. ಏಳರ ಮಾತಿಗೆ ಈಗ ಹತ್ತರಲ್ಲಿ ಒಂದು ಪಾಲು ಮಾತ್ರ ತೂಕ. ಅದು ಮುಂದಾಳಾಗುವುದನ್ನೂ ನಿಲ್ಲಿಸಿದ್ದೇನೆ. ಅದು ಮಾತಾಡುತ್ತಲೇ ಇರುತ್ತದೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಇಂಥದ್ದನ್ನು ಯಂತ್ರಕ್ಕೆ ಮಾಡುವುದು ಎಷ್ಟು ಸುಲಭ ಎಂದು ಯೋಚಿಸುತ್ತಾ ಬಹಳ ಹೊತ್ತು ಕಚೇರಿಯಲ್ಲೇ ಕೂತಿದ್ದೆ.

ನುರ್ಜಾತ್


ಕೆಂಗ್-ಸಾಯ್, ಏಪ್ರಿಲ್ 28

ಮಗಳೇ,

ಹಿಮ ಕುಸಿದು ರಸ್ತೆ ಐದು ವಾರ ಮುಚ್ಚಿತ್ತು. ನಿನ್ನ ಕಾಗದ ನಿನ್ನೆ ಬಂತು.

ಏಳನ್ನು ಹಾಗೆ ಮಾಡಬೇಡ. ವಸಂತ ಬಂದಿದೆ, ಅದಕ್ಕೆ ಬುದ್ಧಿ ಬಂದಿರುತ್ತದೆ. ಮತ್ತೆ ಕೇಳು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಠಾಣೆಯ ಕಲ್ಲಿದ್ದಲು ಬರಲಿಲ್ಲ. ಮನೆಯದನ್ನೇ ಒಯ್ದು ಉರಿಸಿದೆ.

ತೊಲೊಗೊನ್


ಬಿಷ್ಕೆಕ್, ಮೇ 20

ತೊಲೊಗೊನ್ ಅತಾ,

ಪೆಟ್ಟಿಗೆಗೆ ಬುದ್ಧಿ ಬರುವುದಿಲ್ಲ. ಕಾರಣ ಗೊತ್ತಾಗದೆ ನಾನು ತೂಕ ವಾಪಸ್ಸು ಕೊಡಲಾರೆ. ನಿಮಗೆ ಅದರ ಮೇಲೆ ಮಮತೆ ಬೆಳೆದಿದೆ, ಅರ್ಥವಾಗುತ್ತದೆ. ಮಮತೆಯ ಮೇಲೆ ಮೂವತ್ತೆಂಟು ಮನೆಗಳನ್ನು ಇಡಲಾಗುವುದಿಲ್ಲ.

ಕಲ್ಲಿದ್ದಲಿನ ಬಗ್ಗೆ. ಅದು ಬರುವುದಿಲ್ಲ. ಆಗಸ್ಟ್ ಒಂದರಿಂದ ನಿಮ್ಮ ನೀರಿನ ಅಳತೆ ಠಾಣೆ ಮುಚ್ಚುತ್ತದೆ. ಪೆಟ್ಟಿಗೆಗಳಿರುವಾಗ ಮನುಷ್ಯ ಬೇಡ ಎಂದು ಇಲಾಖೆ ತೀರ್ಮಾನಿಸಿದ್ದು ಹೋದ ಸೆಪ್ಟೆಂಬರ್‌ನಲ್ಲಿ, ನಾನು ಅಲ್ಲಿಗೆ ಬರುವ ಮೊದಲೇ. ನಿಮ್ಮ ಜೊತೆ ಕಲ್ಲು ಹೊರುವಾಗಲೂ ನನಗೆ ಗೊತ್ತಿತ್ತು. ನಿಮ್ಮ ಮಾತುಗಳನ್ನು ಬರೆದು ಕಳಿಸಿ ಎಂದು ಕೇಳುವಾಗಲೂ ಗೊತ್ತಿತ್ತು. ಇದನ್ನು ಒಂದೊಂದು ಕಾಗದದಲ್ಲೂ ಬರೆಯಬೇಕೆಂದುಕೊಂಡೆ. ಬೇರೆಯವರಿಂದ ನಿಮಗೆ ತಿಳಿಯಬಾರದೆಂದು ಈಗ ಬರೆಯುತ್ತಿದ್ದೇನೆ. ಇದೂ ಪೂರ್ತಿ ನಿಜವಲ್ಲ. ಇಲಾಖೆಯ ಆದೇಶ ಮುಂದಿನ ವಾರ ಹೊರಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನುರ್ಜಾತ್


ಕೆಂಗ್-ಸಾಯ್, ಜೂನ್ 9

ಇಂಜಿನಿಯರ್ ನುರ್ಜಾತ್ ಅವರಿಗೆ,

ತಮ್ಮ ಕಾಗದ ತಲುಪಿತು.

ಜೆಕ್ಷೆನ್ ಗಾಡಿ ಹೊರಡಿಸಿ ನಿಂತಿದ್ದ. "ಉತ್ತರ ಇದೆಯಾ ಅತಾ?" ಅಂದ. "ಇಲ್ಲ, ಹೋಗು" ಅಂದೆ. ಅವನು ಸೇತುವೆ ದಾಟುವಾಗ ಕುದುರೆ ಓಡಿಸಿಕೊಂಡು ಹೋಗಿ ನಿಲ್ಲಿಸಿದೆ. ಈಗ ಅವನ ಗಾಡಿಯ ಮೂತಿಯ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ. ಅವನು ಸಿಗರೇಟು ಸೇದುತ್ತಾ ಬೈಯುತ್ತಿದ್ದಾನೆ.

ನಾನು ಠಾಣೆಯ ಮಾತು ಆಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ ತಮಗೆ ಗೊತ್ತಿದ್ದದ್ದು ತಮ್ಮ ಹತ್ತಿರವೇ ಇರಲಿ. ಡಿಸೆಂಬರ್‌ನಿಂದ ನನಗೆ ಗೊತ್ತಿರುವುದನ್ನು ಕೇಳಿ.

ಏಳನೆಯ ಪೆಟ್ಟಿಗೆಗೆ ನಾನು ಕಂಬಳಿ ಹೊದಿಸಿದ್ದೆ. ಅದರ ಬಲ ಇಳಿಯುತ್ತಿದೆ, ಅದನ್ನೇ ಮುಂದೆ ಬಿಡುತ್ತಾರೆ ಎಂದು ತಾವೇ ಬರೆದಿರಿ. ಫಲಕ ಬಿಟ್ಟು ಸುತ್ತ, ಬುಡದ ನೆಲಕ್ಕೂ ಸೇರಿಸಿ ಜೀನಿನ ಕಂಬಳಿ ಹಾಸಿ ಕಲ್ಲು ಹೇರಿದೆ. ನೆಲ ಬೆಚ್ಚಗಾದದ್ದು ಅದಕ್ಕೆ. ಬಲ ಉಳಿದದ್ದೂ ಅದಕ್ಕೆ. ಹೊರೆ ಇಳಿಸಲು ಹೋಗಿ ಇನ್ನಷ್ಟು ಹೊರೆ ಹೇರಿದೆ. ಪೆಟ್ಟಿಗೆಗೆ ಏನಾದರೂ ಆಗಿದೆಯೇ ಎಂದು ತಾವು ಕೇಳಿದಾಗ, ಸಹಿ ಮಾಡಿದ ಒಪ್ಪಂದ ನೆನಪಾಗಿ, ಠಾಣೆ ಕೈತಪ್ಪುತ್ತದೆ ಎಂದು ಹೆದರಿ ಸುಳ್ಳು ಬರೆದೆ. ಕಬ್ಬಿಣದಂಥ ನೆಲ ನಾನು ನೋಡಿದ್ದು ಕಂಬಳಿಯ ಹೊರಗೆ.

ಕಂಬಳಿಯನ್ನು ಮಾರ್ಚ್ ಎಂಟಕ್ಕೆ ತೆಗೆದೆ. ಅಂದಿನಿಂದ ಏಳು ಹೇಳಿದ್ದೆಲ್ಲ ನಿಜ. ಅದು ಏನು ಹೇಳುತ್ತಿದೆ ಎಂದು ತಮಗೆ ಗೊತ್ತು, ನನಗಲ್ಲ. ಅದರ ತೂಕ ವಾಪಸ್ಸು ಕೊಡಿ. ನನ್ನ ಹೆಸರು ಬರೆದುಕೊಳ್ಳಬೇಕಾದಲ್ಲಿ ಬರೆದುಕೊಳ್ಳಿ.

ನೀರು ಐದು ದಿನದಿಂದ ತೆಳು ಐರಾನ್. ಸಂಜೆಯೂ.

ತೊಲೊಗೊನ್ ಮಾಂಬೆತ್ಕುಲೊವ್


ಬಿಷ್ಕೆಕ್, ಜೂನ್ 23

ತೊಲೊಗೊನ್ ಅತಾ,

ನಿಮ್ಮ ಕಾಗದ ನಿನ್ನೆ ತಲುಪಿತು. ಕಣಿವೆಯ ತಿರುವಿನಲ್ಲಿ ಯಾರಾದರೂ ಎತ್ತಿಯಾರೆಂದು ನಾಲ್ಕು ಸಲ ಫೋನ್ ಮಾಡಿದೆ.

ಮಾರ್ಚ್ ಎಂಟರಿಂದ ಏಳರ ಮಾತುಗಳನ್ನು ಒಂದೊಂದಾಗಿ ಓದಿದೆ. ಮಾರ್ಚ್, ಏಪ್ರಿಲ್: ಬಹಳ ತಣ್ಣಗೆ. ಉಳಿದವು ಹೇಳಿದ್ದೇ. ಮೇ ಹದಿನೈದರಿಂದ ಸ್ವಲ್ಪ ಬೆಚ್ಚಗೆ. ಜೂನ್ ಮೊದಲ ವಾರದಿಂದ ಸುಮಾರು ಬೆಚ್ಚಗೆ. ನಿಮ್ಮ ಐರಾನ್ ಶುರುವಾದದ್ದೂ ಆಗಲೇ. ಐದು ವಾರದಿಂದ ಅದು ಹೇಳುತ್ತಲೇ ಇತ್ತು. ಹೇಳುವುದನ್ನು ಕೇಳಬಾರದೆಂದು ಏರ್ಪಾಡು ಮಾಡಿದವಳು ನಾನು. "ಮತ್ತೆ ಕೇಳು" ಎಂದು ನೀವು ಏಪ್ರಿಲ್‌ನಲ್ಲಿ ಬರೆದಾಗಲೂ ತೆರೆದು ನೋಡಲಿಲ್ಲ.

ಇಂದು ಬೆಳಿಗ್ಗೆ ತೂಕ ಪೂರ್ತಿ ವಾಪಸ್ಸು ಕೊಟ್ಟೆ. ಕೂಡಲೇ ಒಟ್ಟು ಅಪಾಯ "ಸ್ವಲ್ಪ" ಇದ್ದದ್ದು "ಸುಮಾರು" ಆಯಿತು. "ಬಹಳ" ಆದರೆ ಸೈರನ್ ಕೂಗುತ್ತದೆ. ಮುಖ್ಯಸ್ಥರಿಗೆ ಕಂಬಳಿಯ ವಿಷಯ ಹೇಳಿದೆ, ನನ್ನ ತಪ್ಪನ್ನೂ ಹೇಳಿದೆ.

"ಸುಳ್ಳು ಕೂಗಿದ್ರೆ ಇಡೀ ಯೋಜನೆ ಮುಚ್ಚುತ್ತೆ, ಗೊತ್ತಲ್ಲ?"

"ಗೊತ್ತು."

"ಕಂಬಳಿ ಹೊದಿಸಿದ ಮನುಷ್ಯನ ಮಾತು ನಂಬ್ತೀಯಾ?"

"ತಾವೇ ಹೊದಿಸಿದ್ದು ಅಂತ ಅವರಾಗಿಯೇ ಬರ್ದಿದ್ದಾರೆ. ನಂಬ್ತೀನಿ."

ತೂಕ ವಾಪಸ್ಸು ಕೊಟ್ಟ ಆದೇಶಕ್ಕೆ ಅವರು ಸಹಿ ಹಾಕಲಿಲ್ಲ. ನಾನು ಹಾಕಿದೆ.

ಈ ಕಾಗದದ ಜೊತೆ ಜೆಕ್ಷೆನ್ ಕೈಯಲ್ಲಿ ಸಣ್ಣದೊಂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ದಾರಿಯಲ್ಲಿ ಎಲ್ಲೂ ನಿಲ್ಲಬೇಡ ಎಂದಿದ್ದೇನೆ. ಅದರಲ್ಲಿ ತಿರುಗಿಸುವ ಗುಂಡಿ ಇದೆ, ಎಡಕ್ಕೆ "ಏನೂ ಇಲ್ಲ", ಬಲಕ್ಕೆ "ಬಹಳ". ನಡುವೆ ಗೆರೆಗಳಿಲ್ಲ, ಬೇಕೆಂದೇ ಹಾಕಿಲ್ಲ. ದಿನಕ್ಕೆರಡು ಸಲ ನೀರು ನೋಡಿ ನಿಮಗೆ ಅನ್ನಿಸಿದಷ್ಟು ತಿರುಗಿಸಿ. ಅದು ಹದಿಮೂರನೆಯ ಪೆಟ್ಟಿಗೆ. ಅದರ ತೂಕ ಏಳರ ತೂಕದಷ್ಟೇ.

ಒಂದು ಮಾತು ಕೊಡಿ. ಸೈರನ್ ಕೂಗಿದರೆ, ನಿಮಗೆ ಏನೂ ಕಾಣದಿದ್ದರೂ, ಮೊದಲು ನೀವು ಓಡಬೇಕು. ನೀವು ಓಡದಿದ್ದರೆ ಕಲಿಪಾ ಎಜೆ ಓಡುವುದಿಲ್ಲ. ಅವರು ಓಡದಿದ್ದರೆ ಯಾರೂ ಓಡುವುದಿಲ್ಲ.

ನನ್ನನ್ನು ಮತ್ತೆ ಮಗಳೇ ಎಂದು ಕರೆಯಿರಿ ಎಂದು ಕೇಳುವುದಿಲ್ಲ.

ನುರ್ಜಾತ್


ಕೆಂಗ್-ಸಾಯ್, ಜುಲೈ 8

ನುರ್ಜಾತ್ ಮಗಳೇ,

ಜನ ಕ್ಷೇಮ. ಎಲ್ಲರೂ. ಹಿರಿಯರು ಜಾನುವಾರು ಮೊದಲು, ಜನ ಆಮೇಲೆ ಎಂದು ಬರೆಯುತ್ತಾರೆ. ಈ ಸಲ ನಾನು ತಿರುಗಿಸಿ ಬರೆದೆ.

ನಿನ್ನ ಗುಂಡಿಯ ಪೆಟ್ಟಿಗೆ ಜೂನ್ ಇಪ್ಪತ್ತೆಂಟಕ್ಕೆ ಬಂತು. ಜುಲೈ ನಾಲ್ಕರ ಬೆಳಿಗ್ಗೆ ಅದನ್ನು ನಡುವಿಗಿಂತ ಒಂದಿಷ್ಟು ಬಲಕ್ಕೆ ಇಟ್ಟಿದ್ದೆ. ನೀರು ಹಿಂದಿನ ದಿನದಂತೇ ಇತ್ತು. ಮಧ್ಯಾಹ್ನ ಮೂರೂ ಹತ್ತಕ್ಕೆ ಸೈರನ್ ಕೂಗಿತು. ನಾನು ಹೊಳೆಯ ಪಕ್ಕದಲ್ಲೇ ನಿಂತಿದ್ದೆ. ನಿಜ ಹೇಳುತ್ತೇನೆ, ನನಗೆ ಏನೂ ಕಾಣಲಿಲ್ಲ. ಇದು ಸುಳ್ಳು ಕೂಗು ಎಂದೇ ಅನ್ನಿಸಿತು. ಆದರೂ ಓಡಿದೆ.

ಕಲಿಪಾ ಕತ್ತರಿ ಹಿಡಿದು ಸೈರನ್ ಕಂಬದ ಕಡೆ ಹೊರಟಿದ್ದವಳು ನನ್ನನ್ನು ನೋಡಿ ನಿಂತಳು.

"ಏನು ಮುದುಕ, ನಿಂಗೂ ಹುಚ್ಚಾ?"

"ಹೂಂ. ಗುಡ್ಡ ಹತ್ತು."

"ನೀರು ನೋಡ್ದಾ?"

"ಇಲ್ಲ."

"ಮತ್ಯಾಕೆ ಓಡ್ತಿದೀಯ?"

"ಏಳು ಹೇಳಿದೆ."

"ಯಾವ ಏಳು?"

"ನಿನ್ನ ಕಳ್ಳಿ ಅನ್ನಿಸಿದ ಕಂಬಳಿ ಇತ್ತಲ್ಲ, ಅದನ್ನ ಹೊದ್ದಿದ್ದದ್ದು."

ಅವಳು ಗುಡ್ಡದ ಕಡೆ ಹೋಗದೆ ಹೊಳೆದಂಡೆಗೆ ಓಡಿದಳು. ತಾಯಿಕುದುರೆಗಳ ಹಾಲು ಕರೆಯಲೆಂದು ಮರಿಕುದುರೆಗಳನ್ನು ಉದ್ದ ಹಗ್ಗಕ್ಕೆ ಕಟ್ಟಿದ್ದರು. ಆ ಹಗ್ಗವನ್ನು ಅದೇ ಕತ್ತರಿಯಿಂದ ಎರಡು ಕಡೆ ಕತ್ತರಿಸಿದಳು. ಮರಿಗಳು ಗುಡ್ಡಕ್ಕೆ ಓಡಿದವು, ತಾಯಿಕುದುರೆಗಳು ಅವುಗಳ ಹಿಂದೆ, ಅವುಗಳ ಹಿಂದೆ ಇಡೀ ಊರು. ಕಲಿಪಾ ಓಡುವುದನ್ನು ನೋಡಿದ ಮೇಲೆ ಯಾರೂ ಏನೂ ಕೇಳಲಿಲ್ಲ.

ಮೂರೂ ನಲವತ್ತಾರಕ್ಕೆ ನೀರು ಬಂತು. ಗಟ್ಟಿ ಐರಾನ್ ಅಂದರೆ ಏನೆಂದು ಈಗ ನನಗೂ ಗೊತ್ತು. ಆದರೆ ಅದರ ಬಣ್ಣ ಬಿಳಿಯಲ್ಲ, ಕಪ್ಪು. ನಿನ್ನ ಲೆಕ್ಕದಲ್ಲಿ ತಿದ್ದಿಕೋ. ಹನ್ನೊಂದು ಮನೆ ಹೋದವು. ಠಾಣೆ ಹೋಯಿತು, ಆಗಸ್ಟ್ ಒಂದರವರೆಗೂ ಕಾಯಲಿಲ್ಲ. ಕಟ್ಟಿದ್ದ ನಲವತ್ತು ಕುರಿ ಹೋದವು. ಗುಡ್ಡದ ಮೇಲೆ ಮನೆಮನೆಯವರನ್ನು ನಿಲ್ಲಿಸಿ ಎರಡು ಸಲ ಎಣಿಸಿದೆವು. ನೂರ ಎಂಬತ್ತಾರು ಜನ, ಎರಡು ಸಲವೂ.

ನೀರು ಇಳಿದ ಮೇಲೆ ಕುದುರೆಯ ಮೇಲೆ ಸರೋವರಕ್ಕೆ ಹೋಗಿದ್ದೆ. ಏರಿಯ ನಡುಭಾಗ ಇಲ್ಲ. ಏಳು ಇಲ್ಲ. ಉಳಿದ ಹನ್ನೊಂದು ನಿಂತಲ್ಲೇ ನಿಂತಿವೆ, ಪುಟ್ಟ ದೀಪ ಮಿಣುಕುತ್ತಿವೆ. ತಮ್ಮತಮ್ಮಲ್ಲಿ ಏನೋ ಮಾತಾಡಿಕೊಳ್ಳುತ್ತಿರಬೇಕು.

ಅರ್ಧ ಸರೋವರ ಇನ್ನೂ ಉಳಿದಿದೆ, ಊರೂ ಇಲ್ಲೇ ಇದೆ. ಆದ್ದರಿಂದ ಗುಂಡಿ ತಿರುಗಿಸುವುದನ್ನು ನಾನು ನಿಲ್ಲಿಸುವುದಿಲ್ಲ. ಸಂಬಳವಿಲ್ಲದೆಯೂ ತಿರುಗಿಸಬಹುದಲ್ಲ. ಇಂದು ಬೆಳಿಗ್ಗೆ ಎಡಕ್ಕಿಂತ ಒಂದಿಷ್ಟು ಈಚೆ ಇಟ್ಟಿದ್ದೇನೆ.

ಈಗ ಮುಂದಾಳು ಯಾರೆಂದು ಬರೆ. ನಾಲ್ಕನೆಯದು ಇರಬೇಕೆಂದು ನನ್ನ ಊಹೆ. ಅದು ದಣಿದರೆ, ಸ್ವಲ್ಪ ದಣಿದಾಗಲೇ ನನಗೆ ತಿಳಿಸು. ಮುಟ್ಟುವುದಿಲ್ಲ. ಹೋಗಿ ಹತ್ತಿರ ಕೂತು ಬರುತ್ತೇನೆ.

ನಿನ್ನ ಬೆಕ್ಕು ಕ್ಷೇಮವೇ?

ತೊಲೊಗೊನ್